ತಂದೆಯರಿಗೆ ತರಬೇತಿ ಬಾಗಿಲ ಹೊರಗೆಯೇ?

ಮಾನ್ಯ ಸಂಪಾದಕರೇ,

ನಮ್ಮ ತಾಲ್ಲೂಕು ಆಸ್ಪತ್ರೆಯಲ್ಲಿ ತಂದೆಯರಿಗೂ ಶಿಶುಪಾಲನೆಯ ತರಬೇತಿ ಕೊಡಲಾಗುತ್ತಿದೆ ಎಂಬ ಶನಿವಾರದ ಸಚಿತ್ರ ವರದಿಯನ್ನು ನಂಬಿ, ಅರ್ಧ ದಿನದ ಸಂಬಳ ಬಿಟ್ಟು, ನಿನ್ನೆ ಒಂಬತ್ತನೇ ತಾರೀಖಿನ ಗರ್ಭಿಣಿಯರ ತಪಾಸಣೆಗೆ ಪತ್ನಿಯೊಂದಿಗೆ ಹೋಗಿದ್ದೆ. ಕಾವಲುಗಾರರು ಬೆತ್ತ ಅಡ್ಡ ಹಿಡಿದು ‘ಗಂಡಸರು ಆಚೆ’ ಎಂದರು. ತರಬೇತಿಯ ವಿಷಯ ಕೇಳಿದ್ದಕ್ಕೆ ಸಿಬ್ಬಂದಿಯೊಬ್ಬರು, ಅದು ಮೇಲಿನವರು ಬಂದ ದಿನಕ್ಕಷ್ಟೇ ಎಂದು ನಕ್ಕರು. ಕೂರಲು ಬೆಂಚಿಲ್ಲದೆ, ಜನರೇಟರ್ ಹೊಗೆ ಕುಡಿಯುತ್ತಾ ಮಧ್ಯಾಹ್ನದವರೆಗೆ ನಿಂತೆ. ಶೌಚಾಲಯಕ್ಕೆ ಬೀಗ. ಪಾರ್ಕಿಂಗ್ ಶುಲ್ಕ ಮಾತ್ರ ಗಂಡು ಹೆಣ್ಣೆಂಬ ಭೇದವಿಲ್ಲದೆ ವಸೂಲಾಯಿತು. ಮಗುವನ್ನೆತ್ತಿಕೊಂಡು ನಗುವ ತಂದೆಯ ಚಿತ್ರವನ್ನು ಆಸ್ಪತ್ರೆಯವರು ಬರೆಸಿದ್ದಾರೆ ನಿಜ, ಆದರೆ ಆ ಪುಣ್ಯಾತ್ಮನೂ ಹೊರಗೋಡೆಯ ಮೇಲೆಯೇ ಇದ್ದಾನೆ.

ಮೊದಲ ಹೆರಿಗೆಯಾದಾಗ ನನ್ನ ಪತ್ನಿ ತವರಿನಲ್ಲಿ ನಿದ್ದೆಗೆಟ್ಟು, ಮಗು ಅತ್ತರೂ ಗೋಡೆಯತ್ತ ಮುಖ ತಿರುಗಿಸಿಕೊಂಡೇ ಮಲಗಿರುತ್ತಿದ್ದಳು. ಮನೆಯವರು ದೃಷ್ಟಿ ತೆಗೆದರು. ರಜೆಯ ದಿನ ಹಣ್ಣು ಹಿಡಿದು ಹೋಗಿ ಬರುತ್ತಿದ್ದ ನನಗೆ ಅದು ಖಿನ್ನತೆ ಎಂದು ಹೇಳುವವರೇ ಇರಲಿಲ್ಲ. ನಮ್ಮ ದೇಶದ ಬಾಣಂತಿಯರಲ್ಲಿ ಸುಮಾರು ಶೇ 22ರಷ್ಟು ಮಂದಿಯನ್ನು ಈ ಖಿನ್ನತೆ ಕಾಡುತ್ತದೆ ಎಂಬ ವಿಶ್ಲೇಷಣೆಯು ವಿಶ್ವ ಆರೋಗ್ಯ ಸಂಸ್ಥೆಯ ನಿಯತಕಾಲಿಕದಲ್ಲಿ 2017ರಲ್ಲೇ ಪ್ರಕಟವಾಗಿದೆ. ಗಂಡನ ಆಸರೆ ಸಿಗದಿರುವುದೂ, ಹೆಣ್ಣು ಹುಟ್ಟಿತೆಂಬ ಕೊಂಕು ಮಾತೂ ಅದನ್ನು ಹೆಚ್ಚಿಸುತ್ತವೆ. ರಾತ್ರಿ ಮಗುವನ್ನು ಸಂತೈಸಿ ತಾಯಿಗೊಂದಿಷ್ಟು ನಿದ್ದೆ ದೊರಕಿಸುವುದು, ಅವಳ ಮೌನವನ್ನು ಸೊಕ್ಕೆಂದು ತಿಳಿಯದಿರುವುದು, ಕಷ್ಟವೆನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ 14416ಕ್ಕೆ ಕರೆ ಮಾಡುವುದು, ಇಷ್ಟನ್ನು ಗಂಡಂದಿರನ್ನು ಕೂರಿಸಿಕೊಂಡು ಹೇಳಲು ಒಂದು ಗಂಟೆ ಸಾಲದೇ? ನಿಮ್ಹಾನ್ಸ್‌ನಲ್ಲಿ ತಾಯಿ-ಮಗುವಿಗೆಂದೇ ಪ್ರತ್ಯೇಕ ವಾರ್ಡ್ ಇರುವ ರಾಜ್ಯವಿದು!

ಈ ಇಲಾಖೆಗೆ ತಂದೆಯ ನೆನಪಾಗುವುದು ಸಹಿ, ಆಧಾರ್ ಮತ್ತು ಜೆರಾಕ್ಸ್ ಬೇಕಾದಾಗ ಮಾತ್ರ. ಕಳೆದ ಬಾರಿ ತಾಯಿ ಕಾರ್ಡಿನಲ್ಲಿ ತಪ್ಪಾಗಿ ಬರೆದ ನನ್ನ ಹೆಸರನ್ನು ತಿದ್ದಿಸಲು ತಿಂಗಳುಗಟ್ಟಲೆ ಅಲೆಸಿದರು. ಅದೇ ತಪ್ಪು ಜನನ ಪ್ರಮಾಣಪತ್ರಕ್ಕೂ ಏರಿ ಕುಳಿತಿದೆ. ಹೀಗೆ ಅಲೆಸುವವರಿಗೆ 15 ದಿನಗಳ ಪಿತೃತ್ವ ರಜೆಯಿದೆ, ಖಾಸಗಿ ನೌಕರನಾದ ನನಗೆ ಕಾನೂನಿನಲ್ಲಿ ಅದೂ ಇಲ್ಲ.

ಸಂಬಂಧಪಟ್ಟವರು ತರಬೇತಿಯನ್ನು ಭಾನುವಾರವಾದರೂ ನಡೆಸಲಿ, ಇಲ್ಲವೇ ನಡೆಸುತ್ತಿದ್ದೇವೆಂದು ಹೇಳುವುದನ್ನು ನಿಲ್ಲಿಸಲಿ. ಜಿಲ್ಲಾ ಆರೋಗ್ಯಾಧಿಕಾರಿಗಳು ಮುನ್ಸೂಚನೆ ಕೊಡದೆ ಒಮ್ಮೆ ಬಂದು ನೋಡಲಿ. ಕ್ಯಾಮೆರಾದ ಮುಂದೆ ನಿಲ್ಲುವಾಗ ಇರುವ ಹುರುಪಿನಲ್ಲಿ ಕಾಲು ಭಾಗವಾದರೂ ಕೆಲಸದಲ್ಲಿ ಕಾಣಬಾರದೇ?

ಇಂತಿ,
ಬೇಸತ್ತ ತಂದೆಯೊಬ್ಬ