ಮುಂದಿನ ತಿಂಗಳಿಂದ ನಮ್ಮ ಔಷಧ ಅಂಗಡಿಯಲ್ಲಿ ಆಗುವ ಬದಲಾವಣೆ

ಪ್ರಿಯ ಸದಸ್ಯರೇ, ಗ್ರಾಹಕರೇ,

ಕಳೆದ ತಿಂಗಳು ಡ್ರಗ್ ಇನ್ಸ್‌ಪೆಕ್ಟರ್ ನಮ್ಮ ಸಹಕಾರ ಸಂಘದ ಮೆಡಿಕಲ್ ಶಾಪ್‌ಗೆ ತಪಾಸಣೆಗೆ ಬಂದಿದ್ದರು. ಲೈಸೆನ್ಸ್ ಇರುವ ಎಲ್ಲ ಔಷಧ ಅಂಗಡಿಗಳಿಗೂ ಇಂಥ ತಪಾಸಣೆ ಇರುತ್ತದೆ. ಖರೀದಿ ಬಿಲ್, ರಿಜಿಸ್ಟರ್, ಫ್ರಿಜ್ ಎಲ್ಲ ನೋಡಿ, ಏನೇನು ಸುಧಾರಿಸಬೇಕು ಎಂದು ಬರೆದುಕೊಟ್ಟು ಹೋದರು. ಆಡಳಿತ ಮಂಡಳಿ ಎಲ್ಲವನ್ನೂ ಒಪ್ಪಿಕೊಂಡಿದೆ. ಅವುಗಳಲ್ಲಿ ಹೆಚ್ಚಿನವು ಅಂಗಡಿಯ ಒಳಗಿನ ಕೆಲಸ. ಕೆಲವು ಮಾತ್ರ ನಿಮಗೂ ತಾಗುತ್ತವೆ, ಅದಕ್ಕೇ ಈ ಪತ್ರ.

ಮುಖ್ಯವಾದದ್ದು ಚೀಟಿಯ ವಿಷಯ. ಮುಂದಿನ ತಿಂಗಳ 1ನೇ ತಾರೀಖಿನಿಂದ ಆಂಟಿಬಯಾಟಿಕ್, ನಿದ್ದೆ ಮಾತ್ರೆ, ಟ್ರಮಡಾಲ್‌ನಂಥ ಜೋರು ನೋವಿನ ಮಾತ್ರೆಗಳನ್ನು ಡಾಕ್ಟರ ಚೀಟಿ ಇಲ್ಲದೆ ಕೊಡುವುದಿಲ್ಲ. ಪರಿಚಯದವರಿಗೂ ಇಲ್ಲ, ಸಂಘದ ನಿರ್ದೇಶಕರಿಗೂ ಇಲ್ಲ. ಹಳೇ ಸ್ಟ್ರಿಪ್ ತೋರಿಸಿದರೂ ಆಗುವುದಿಲ್ಲ. ಇವುಗಳಲ್ಲಿ ಸೆಫಿಕ್ಸಿಮ್ ಎಂಬ ಆಂಟಿಬಯಾಟಿಕ್, ಆಲ್‌ಪ್ರಜೋಲಮ್ ಎಂಬ ನಿದ್ದೆ ಮಾತ್ರೆ, ಟಿಬಿ ಔಷಧಗಳಂಥವು ‘ಶೆಡ್ಯೂಲ್ ಎಚ್1’ ಎಂಬ, ಹೆಚ್ಚು ನಿಗಾ ಬೇಕಾದ ಔಷಧಗಳ ಸರ್ಕಾರಿ ಪಟ್ಟಿಯಲ್ಲಿವೆ. ಈ ಪಟ್ಟಿ 2014ರ ಮಾರ್ಚ್‌ನಿಂದ ದೇಶದಲ್ಲೆಲ್ಲ ಜಾರಿಯಲ್ಲಿದೆ. ಇವನ್ನು ಕೊಟ್ಟಾಗ ಡಾಕ್ಟರ ಹೆಸರು, ವಿಳಾಸ, ರೋಗಿಯ ಹೆಸರು, ಔಷಧ, ಎಷ್ಟು ಕೊಟ್ಟೆವು ಎಂಬುದನ್ನು ಬೇರೆಯೇ ರಿಜಿಸ್ಟರ್‌ನಲ್ಲಿ ಬರೆದು 3 ವರ್ಷ ಇಡಬೇಕು. ಕೌಂಟರ್‌ನಲ್ಲಿ ಎರಡು ನಿಮಿಷ ಜಾಸ್ತಿ ಹಿಡಿಯುವುದು ಇದರಿಂದಲೇ.

ಇದು ಬರೀ ಕಾನೂನಿನ ಮಾತಲ್ಲ. ನೆಗಡಿ ಬರುವುದು ವೈರಸ್‌ನಿಂದ, ಆಂಟಿಬಯಾಟಿಕ್ ವೈರಸ್ ಮೇಲೆ ಕೆಲಸವನ್ನೇ ಮಾಡುವುದಿಲ್ಲ. ಸುಮ್ನೆ ನುಂಗುತ್ತಾ ಹೋದರೆ ಬ್ಯಾಕ್ಟೀರಿಯಾಗಳು ಆ ಔಷಧಕ್ಕೆ ಜಗ್ಗದಂತಾಗುತ್ತವೆ. ನಾಳೆ ಮಗುವಿಗೆ ನಿಜವಾಗಿಯೂ ನ್ಯುಮೋನಿಯಾ ಬಂದಾಗ ಕೊಡಲು ಔಷಧ ಬೇಕಲ್ವಾ?

ನಿದ್ದೆ ಮಾತ್ರೆಯನ್ನು ಬಹಳ ದಿನಗಳಿಂದ ತೆಗೆದುಕೊಳ್ಳುತ್ತಿರುವ ಹಿರಿಯರಿಗೆ ಒಂದು ವಿನಂತಿ. ಚೀಟಿ ಇಲ್ಲ ಎಂದು ಅದನ್ನು ಒಮ್ಮೆಲೇ ನಿಲ್ಲಿಸಬೇಡಿ, ಅದು ಅಪಾಯ. ಮಾತ್ರೆ ಮುಗಿಯುವ ಮುಂಚೆಯೇ ಡಾಕ್ಟರನ್ನು ಕಾಣಿ. ಮನೆಯವರು ದಯವಿಟ್ಟು ಇದನ್ನು ಅವರಿಗೆ ಓದಿ ಹೇಳಿ.

ಬಿಪಿ, ಶುಗರ್ ಮಾತ್ರೆಗೂ ಚೀಟಿ ಬೇಕು. ಎಷ್ಟು ತಿಂಗಳು ತೆಗೆದುಕೊಳ್ಳಬಹುದು ಎಂದು ಡಾಕ್ಟರ ಕೈಯಲ್ಲೇ ಬರೆಸಿಕೊಂಡು ಬಂದರೆ ಪ್ರತಿ ತಿಂಗಳೂ ಹೊಸ ಚೀಟಿಗಾಗಿ ಅಲೆಯಬೇಕಿಲ್ಲ. ನಾವು ಪ್ರತಿ ಸಲ ಅದರ ಮೇಲೆ ಸೀಲು, ತಾರೀಖು ಹಾಕಿ ಚೀಟಿ ವಾಪಸ್ ಕೊಡುತ್ತೇವೆ. ಪ್ಯಾರಾಸಿಟಮಾಲ್, ಓಆರ್‌ಎಸ್ ಪುಡಿಯಂಥವು ಮೊದಲಿನಂತೆಯೇ ಸಿಗುತ್ತವೆ.

ಇನ್ಸುಲಿನ್‌ಗೆಂದೇ ಹೊಸ ಫ್ರಿಜ್ ತಂದಿದ್ದೇವೆ, ಇನ್ವರ್ಟರ್‌ಗೂ ಜೋಡಿಸಿದ್ದೇವೆ. ಮಲೆನಾಡಿನ ಮಳೆಗಾಲದಲ್ಲಿ ಕರೆಂಟ್‌ನ ಕಥೆ ನಿಮಗೆ ಗೊತ್ತೇ ಇದೆ. ಒಳಗಿನ ಉಷ್ಣತೆ 2ರಿಂದ 8 ಡಿಗ್ರಿ ಸೆಲ್ಸಿಯಸ್ ಒಳಗೆ ಇದೆಯೇ ಎಂದು ಬೆಳಿಗ್ಗೆ, ಸಂಜೆ ನೋಡಿ ಬರೆದಿಡುತ್ತೇವೆ. ಆ ಹಾಳೆ ಫ್ರಿಜ್ ಬಾಗಿಲ ಮೇಲೇ ಇರುತ್ತದೆ, ಯಾರು ಬೇಕಾದರೂ ನೋಡಬಹುದು. ದೂರದ ಹಳ್ಳಿಗೆ ಬಸ್ಸಿನಲ್ಲಿ ಹೋಗುವವರು ಒಂದು ಫ್ಲಾಸ್ಕ್ ತನ್ನಿ. ಬಾಟಲಿಗೆ ಐಸ್ ನೇರವಾಗಿ ತಾಗಬಾರದು. ಒಮ್ಮೆ ಗಡ್ಡೆ ಕಟ್ಟಿದ ಇನ್ಸುಲಿನ್ ಕರಗಿದ ಮೇಲೂ ಬಳಸುವಂತಿಲ್ಲ.

ಮಧ್ಯಾಹ್ನ 2ರಿಂದ 3ರವರೆಗೆ ಫಾರ್ಮಸಿಸ್ಟ್ ಊಟಕ್ಕೆ ಹೋಗುತ್ತಾರೆ. ಆ ಹೊತ್ತಿನಲ್ಲಿ ಚೀಟಿ ಔಷಧ ಸಿಗುವುದಿಲ್ಲ, ಏಕೆಂದರೆ ಅದನ್ನು ಅವರ ಕಣ್ಣೆದುರೇ ಕೊಡಬೇಕು. ಸಂಜೆ ಹೊತ್ತಿಗೆ ಇನ್ನೊಬ್ಬ ಫಾರ್ಮಸಿಸ್ಟ್‌ರನ್ನು ನೇಮಿಸಿದ್ದೇವೆ. ಬಿಡಿ ಮಾತ್ರೆ ಕೊಂಡರೆ ಬ್ಯಾಚ್ ನಂಬರ್, ಎಕ್ಸ್‌ಪೈರಿ ತಾರೀಖನ್ನು ಕವರ್ ಮೇಲೆ ಬರೆದು ಕೊಡುತ್ತೇವೆ. ಬಿಲ್ ಎಲ್ಲರಿಗೂ ಇದೆ, ತಪ್ಪದೆ ಕೇಳಿ ಪಡೆಯಿರಿ.

ಯಾವುದಾದರೂ ಔಷಧ ತೆಗೆದುಕೊಂಡ ಮೇಲೆ ಮೈ ತುರಿಕೆ, ಊತದಂಥ ತೊಂದರೆ ಕಂಡರೆ ಮೊದಲು ಡಾಕ್ಟರ ಹತ್ತಿರ ಹೋಗಿ. ಆಮೇಲೆ ನಮಗೂ ತಿಳಿಸಿ, ಅಥವಾ ನೀವೇ 1800-180-3024ಕ್ಕೆ ಉಚಿತವಾಗಿ ಕರೆ ಮಾಡಿ. ಇದು ಔಷಧಗಳ ಅಡ್ಡಪರಿಣಾಮ ದಾಖಲಿಸುವ ಸರ್ಕಾರಿ ಸಹಾಯವಾಣಿ. ನಂಬರನ್ನು ಕೌಂಟರ್ ಪಕ್ಕದ ಗೋಡೆಗೂ ಅಂಟಿಸಿದ್ದೇವೆ.

ಇಂತಿ ನಿಮ್ಮ,
ಆಡಳಿತ ಮಂಡಳಿ ಮತ್ತು ಫಾರ್ಮಸಿಸ್ಟರು