ಕವಳದ ಬಟ್ಟಲು ಆಚೆ ಸರಿಸಿದವರಿಗೆ

ಬರುವ ಶುಕ್ರವಾರಕ್ಕೆ ನಾನು ಕವಳ, ಅಂದರೆ ಎಲೆ ಅಡಿಕೆ ಹೊಗೆಸೊಪ್ಪು ಅಗಿಯುವುದು, ಬಿಟ್ಟು ಒಂದು ವರ್ಷ. ನನಗೀಗ 68. ಮೊದಲ ಕವಳ ಹಾಕಿದ್ದು ಹದಿನೇಳಕ್ಕೋ ಹದಿನೆಂಟಕ್ಕೋ, ಅಪ್ಪಯ್ಯನ ಸಂಚಿಯಿಂದ ಕದ್ದು. ಅಂದರೆ 50 ವರ್ಷದ ಚಟ. ದಿನಕ್ಕೆ ಹತ್ತು ಕವಳ, ಅಡಿಕೆ ಸುಲಿಯುವ ಸಮಯದಲ್ಲಿ ಹದಿನೈದೂ ಆಗುತ್ತಿತ್ತು.

"ಬಿಟ್ಟೆ" ಅಂತ ಬರೆದುಬಿಟ್ಟೆ ನೋಡಿ. ನನ್ನಷ್ಟಕ್ಕೆ ನನ್ನನ್ನು ಬಿಟ್ಟಿದ್ದರೆ ನಾಲ್ಕನೇ ದಿನವೇ ಬಟ್ಟಲಿಗೆ ಕೈ ಹಾಕುತ್ತಿದ್ದೆ. ಬಿಡಿಸಿದವರು ಬೇರೆಯವರು, ಅವರಲ್ಲಿ ಸುಮಾರು ಜನ ಸ್ವತಃ ಕವಳ ಹಾಕುವವರು. ಅವರಿಗೆ ಒಂದು ಮಾತು ಹೇಳುವುದು ಬಾಕಿ ಇದೆ. ಎದುರಿಗೇ ಹೇಳೋಣ ಅಂದರೆ ನಮ್ಮ ಕಡೆ ಅದು ಆಗುವ ಕೆಲಸ ಅಲ್ಲ. "ನಿಮ್ಮಿಂದ ಉಪಕಾರ ಆಯ್ತು" ಅಂದರೆ "ಹೋಗಾ ಮಾರಾಯ" ಅನ್ನುತ್ತಾರೆ, ಮಾತು ಅಡಿಕೆ ರೇಟಿನ ಕಡೆ ತಿರುಗುತ್ತದೆ. ಅದಕ್ಕೇ ಬರೆಯುತ್ತಿದ್ದೇನೆ.

ಹೊರಗಿನವರಿಗೆ ಸ್ವಲ್ಪ ಬಿಡಿಸಿ ಹೇಳಬೇಕು. ಸಾಗರ ಸೀಮೆಯಲ್ಲಿ ಮನೆಗೆ ಬಂದವರಿಗೆ ಮೊದಲು "ಆಸರಿಗೆ ಬೇಕಾ?" ಅಂತ ಕೇಳುತ್ತೇವೆ, ಕುಡಿಯಲು ಏನಾದರೂ ಕೊಡುತ್ತೇವೆ. ಆಮೇಲೆ ಕವಳದ ಬಟ್ಟಲು ಮುಂದಿಡುತ್ತೇವೆ. ಇಡದಿದ್ದರೆ ಬಂದವರಿಗೆ ಬೇಜಾರು. ಇಟ್ಟದ್ದನ್ನು ಮುಟ್ಟದಿದ್ದರೆ ಮನೆಯವರಿಗೆ ಬೇಜಾರು. ಬೇಲಿ ಜಗಳ ಮುಗಿಯುವುದು, ಮದುವೆ ಮಾತು ಶುರುವಾಗುವುದು, ಎಲ್ಲ ಆ ಬಟ್ಟಲಿನ ಸುತ್ತಲೇ. ಎಲೆಯ ನಾರು ತೆಗೆದು, ಬೆನ್ನಿಗೆ ಸುಣ್ಣ ಸವರಿ, ಅಡಿಕೆ ಹೋಳು ಇಟ್ಟು, ಚೂರು ಹೊಗೆಸೊಪ್ಪು ಸೇರಿಸಿ ಮಡಚುವಾಗ ಸಿಗುವ ಆ ಎರಡು ನಿಮಿಷ ಇದೆಯಲ್ಲ, ಏನು ಉತ್ತರ ಕೊಡಬೇಕು ಅಂತ ನಾನು ಯೋಚಿಸುತ್ತಿದ್ದದ್ದೇ ಆಗ. ಇನ್ನು ನಾನೋ ಅಡಿಕೆ ಬೆಳೆಗಾರ. ಬೆಳೆದವನೇ ಬೇಡ ಅಂದರೆ ಹೇಗೆ ಹೇಳಿ.

ಕತೆ ಶುರುವಾದದ್ದು ಬಾಯಿ ಉರಿಯಿಂದ. ಅಪ್ಪೆಹುಳಿ ಕುಡಿದರೆ ಕಣ್ಣಲ್ಲಿ ನೀರು. ಮಿಡಿ ಉಪ್ಪಿನಕಾಯಿ ನಾಲಿಗೆಗೆ ತಾಗಿದರೆ ಕೆಂಡ. ವಯಸ್ಸಾಯ್ತು, ಪಿತ್ತ ಜಾಸ್ತಿ ಅಂದುಕೊಂಡೆ. ಒಂದು ಕಡೆ ತೋರಿಸಿದೆ. ಬಾಯಿ ತೆಗೆಸಿ ನೋಡದೆಯೇ ವಿಟಮಿನ್ ಮಾತ್ರೆ ಮತ್ತು ಬಾಯಿಗೆ ಹಚ್ಚುವ ಮುಲಾಮು ಬರೆದುಕೊಟ್ಟರು. ಎಂಟು ತಿಂಗಳು ಅದನ್ನೇ ಹಚ್ಚಿದೆ. ಹಚ್ಚಿದ ಮೇಲೊಂದು ಕವಳ ಹಾಕುತ್ತಿದ್ದೆ, ಅದೂ ನಿಜ.

ಕೊನೆಗೆ ಹಲ್ಲು ಅಲುಗಾಡುತ್ತಿದೆ ಅಂತ ಸಾಗರದ ಹಲ್ಲಿನ ಡಾಕ್ಟರಮ್ಮನ ಹತ್ತಿರ ಹೋದೆ. ಹಲ್ಲು ನೋಡುವ ಮೊದಲು ಅವರು, "ನಿಮ್ಮ ಮೂರು ಬೆರಳು ಒಂದರ ಮೇಲೊಂದು ಇಟ್ಟು ಬಾಯೊಳಗೆ ಹಾಕಿ ತೋರಿಸಿ" ಅಂದರು. ತಮಾಷೆ ಅನ್ನಿಸಿತು. ಹಾಕಲು ಹೋದೆ. ಎರಡು ಬೆರಳು ಒತ್ತಿ ಒತ್ತಿ ಹೋದವು. ಮೂರನೆಯದು ಹೋಗಲೇ ಇಲ್ಲ. ಯಾವಾಗಿನಿಂದ ಬಾಯಿ ಇಷ್ಟು ಚಿಕ್ಕದಾಯ್ತು ಅಂತ ನನಗೇ ಗೊತ್ತಿಲ್ಲ. ಕಡುಬನ್ನು ಸಣ್ಣಗೆ ಮುರಿದು ತಿನ್ನಲು ಶುರು ಮಾಡಿ ಎರಡು ವರ್ಷ ಆಗಿತ್ತು ಅಂತ ಹೆಂಡತಿ ಆಮೇಲೆ ನೆನಪಿಸಿದಳು.

ಕಾಯಿಲೆಯ ಹೆಸರು ಸಬ್‌ಮ್ಯೂಕಸ್ ಫೈಬ್ರೋಸಿಸ್. ಕೆನ್ನೆಯ ಒಳಗಿನ ಮೆತ್ತನೆ ಚರ್ಮ ನಾರುಗಟ್ಟುತ್ತದೆ, ಬಿಗಿಯಾಗುತ್ತದೆ, ಬಾಯಿ ತೆರೆಯದ ಹಾಗೆ ಆಗುತ್ತದೆ. ಕೆಲವರಲ್ಲಿ ಮುಂದೆ ಕ್ಯಾನ್ಸರ್‌ಗೂ ತಿರುಗಬಹುದು. ನಾನು ಬೆಳೆಗಾರರೆಲ್ಲ ಹೇಳುವ ಮಾತನ್ನೇ ಹೇಳಿದೆ. "ಅದು ಹೊಗೆಸೊಪ್ಪಿನಿಂದ ಅಲ್ವಾ ಡಾಕ್ಟ್ರೇ? ಹೊಗೆಸೊಪ್ಪು ಬಿಟ್ಟು ಬರೀ ಎಲೆ ಅಡಿಕೆ ಹಾಕ್ತೇನೆ." ಅವರು ಜೋರು ಮಾಡಲಿಲ್ಲ. ಈ ನಾರುಗಟ್ಟುವಿಕೆಗೆ ಮುಖ್ಯ ಕಾರಣ ಅಡಿಕೆಯೇ ಅಂದರು. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಯವರು 2004ರಲ್ಲಿ ಅಡಿಕೆಯನ್ನೂ ಕ್ಯಾನ್ಸರ್ ತರುವ ವಸ್ತುಗಳ ಪಟ್ಟಿಗೆ ಸೇರಿಸಿದ್ದಾರೆ, ಹೊಗೆಸೊಪ್ಪು ಇಲ್ಲದಿದ್ದರೂ ಅಷ್ಟೇ ಅಂತ ಹೇಳಿದರು. ಬೆಳೆಗಾರನಾಗಿ ಈ ಸಾಲು ಬರೆಯುವುದು ನನಗೆ ಸುಲಭ ಅಲ್ಲ. ಮಗಳ ಓದು, ಈ ಮನೆಯ ಹೆಂಚು, ನನ್ನ ಕನ್ನಡಕ ಎಲ್ಲ ಅಡಿಕೆಯ ದುಡ್ಡಿನದ್ದೇ. ತೋಟ ಈಗಲೂ ಮಾಡುತ್ತಿದ್ದೇನೆ. ಅದು ಹೇಗೆ ಸರಿ ಅಂತ ಯಾರಾದರೂ ಕೇಳಿದರೆ ನನ್ನ ಹತ್ತಿರ ಉತ್ತರ ಇಲ್ಲ.

ಆ ಡಾಕ್ಟರಮ್ಮನಿಗೆ ಮೊದಲ ನಮಸ್ಕಾರ. ಅಲುಗಾಡುವ ಹಲ್ಲು ಕಿತ್ತು ದುಡ್ಡು ತಗೊಂಡು ಕಳಿಸಬಹುದಿತ್ತು.

ಕೆನ್ನೆಯಿಂದ ಚೂರು ತೆಗೆದು ಪರೀಕ್ಷೆ ಮಾಡಿಸಬೇಕು ಅಂತ ಶಿವಮೊಗ್ಗಕ್ಕೆ ಬರೆದುಕೊಟ್ಟರು. ಪಕ್ಕದ ಮನೆ ಭಾವ ಜೊತೆಗೆ ಬಂದ. ಆಷಾಢದ ಮಳೆ, ತಾಳಗುಪ್ಪದ ಕಡೆಯಿಂದ ಬರುವ ರೈಲು ಹತ್ತಿದೆವು. ಆನಂದಪುರ ದಾಟುವಾಗ ಗಮನಿಸಿದೆ, ಭಾವನ ಕೈ ಮತ್ತೆ ಮತ್ತೆ ಸೊಂಟದ ಕಡೆ ಹೋಗಿ ಸುಮ್ನೆ ವಾಪಸ್ ಬರುತ್ತಿದೆ. ಸಂಚಿ ಇರುವ ಜಾಗ ಅದು. ಸಂಚಿ ಮನೆಯಲ್ಲೇ ಬಿಟ್ಟು ಬಂದಿದ್ದ. ನನಗಿಂತ ಜಾಸ್ತಿ ಕವಳ ಹಾಕುವ ಮನುಷ್ಯ ಬೆಳಿಗ್ಗೆಯಿಂದ ರಾತ್ರಿ ತನಕ ಒಣ ಬಾಯಲ್ಲಿ ಕೂತಿದ್ದ. ಅದರ ಬಗ್ಗೆ ಅವನೂ ಮಾತಾಡಲಿಲ್ಲ, ನಾನೂ ಕೇಳಲಿಲ್ಲ. ಭಾವ, ಇದನ್ನು ಓದಿದರೆ ಬೈಯಬೇಡ.

ವರದಿ ಬರಲು ಎಂಟು ದಿನ. ಮೂರು ದಿನ ಕರೆಂಟ್ ಇರಲಿಲ್ಲ, ಫೋನೂ ಸತ್ತಿತ್ತು. ಆ ದಿನಗಳ ಬಗ್ಗೆ ಹೆಚ್ಚು ಬರೆಯಲಾರೆ. ಕ್ಯಾನ್ಸರ್ ಇಲ್ಲ, ಆದರೆ ಮೂರು ತಿಂಗಳಿಗೊಮ್ಮೆ ಬಂದು ತೋರಿಸಬೇಕು, ಕವಳ ಪೂರ್ತಿ ನಿಲ್ಲಬೇಕು ಅಂತ ಬಂತು. ನಾರುಗಟ್ಟಿದ್ದು ತಾನಾಗಿ ಮೊದಲಿನ ಹಾಗೆ ಆಗುವುದಿಲ್ಲವಂತೆ. ಬಿಟ್ಟರೆ ಮುಂದೆ ಹೋಗುವುದು ನಿಲ್ಲಬಹುದು ಅಷ್ಟೇ.

ಮೊದಲ ವಾರ ತಲೆನೋವು, ನಿದ್ದೆ ಇಲ್ಲ, ಸಿಟ್ಟು. ನಾಯಿಗೂ ಬೈದೆ. ಬೆಂಗಳೂರಿನಿಂದ ಮಗಳು ಫೋನ್ ಮಾಡಿ 1800-11-2356ಕ್ಕೆ ಮಾತಾಡು ಅಂದಳು. ತಂಬಾಕು ಬಿಡುವವರಿಗೆ ಅಂತ ಬೀಡಿ ಕಟ್ಟಿನ ಮೇಲೆಲ್ಲ ಅಚ್ಚು ಹಾಕಿರುತ್ತಾರಲ್ಲ, ಅದೇ ನಂಬರ್. ದುಡ್ಡು ಇಲ್ಲ. ಆ ಕಡೆ ಕನ್ನಡದಲ್ಲೇ ಮಾತಾಡಿದರು. ಚಿಕ್ಕ ಹುಡುಗಿಯ ದನಿ. ಯಾವ ಹೊತ್ತಿಗೆ ಹೆಚ್ಚು ನೆನಪಾಗುತ್ತದೆ ಅಂತ ಕೇಳಿದಳು. ಊಟ ಆದ ಮೇಲೆ, ಯಾರಾದರೂ ಬಂದಾಗ ಅಂದೆ. "ಹಾಗಾದರೆ ಊಟ ಆದ ಕೂಡಲೇ ಎದ್ದು ಬಿಡಿ, ಜಗಲಿಯಲ್ಲಿ ಕೂರಬೇಡಿ" ಅಂದಳು. ಅಂದಿನಿಂದ ಊಟ ಮುಗಿಸಿ ತೋಟದ ಕಡೆ ನಡೆಯುತ್ತೇನೆ. ಮಳೆಗಾಲದಲ್ಲಿ ರಕ್ತ ಹೀರುವ ಉಂಬಳದ ಕಾಟ, ಪರವಾಗಿಲ್ಲ.

ಆದರೆ ಯಾರಾದರೂ ಬಂದಾಗ ಏನು ಮಾಡುವುದು? ಅದಕ್ಕೆ ಆ ಹುಡುಗಿಯ ಹತ್ತಿರವೂ ಉಪಾಯ ಇರಲಿಲ್ಲ. ಉಪಾಯ ಮಾಡಿದ್ದು ಊರಿನವರು. ಯಾರು ಯಾರಿಗೆ ಹೇಳಿದರೋ ಗೊತ್ತಿಲ್ಲ, ಹದಿನೈದು ದಿನದಲ್ಲಿ ನಾನು ಹೋದ ಮನೆಗಳಲ್ಲೆಲ್ಲ ಬಟ್ಟಲು ಕಾಣೆ. ಒಂದು ಮನೆಯಲ್ಲಿ ನಾನು ಮೆಟ್ಟಿಲು ಹತ್ತುವಾಗ ಅಜ್ಜಿಯೊಬ್ಬರು ಅವಸರದಲ್ಲಿ ಬಟ್ಟಲನ್ನು ಸೆರಗಿನ ಒಳಗೆ ಮುಚ್ಚಿಕೊಂಡರು. ಅವರಿಗೆ 84. ನಾನು ಏಳುವ ತನಕ ಸುಮಾರು ಒಂದು ಗಂಟೆ ಹಾಗೇ ಕೂತಿದ್ದರು. ಬಂದವರಿಗೆ ಕವಳ ಕೊಡದೆ ಕಳಿಸುವುದು ಅವರ ಕಾಲದವರಿಗೆ ಎಷ್ಟು ಕಷ್ಟ ಅಂತ ನನಗೆ ಗೊತ್ತು.

ನಿಜವಾದ ಪರೀಕ್ಷೆ ಅಡಿಕೆ ಸುಲಿಯುವ ಸಮಯದ್ದು. ನವೆಂಬರಿಗೆ ಕೊನೆ ಕೊಯ್ಲು, ಅಂದರೆ ಅಡಿಕೆ ಗೊನೆ ಇಳಿಸುವುದು, ಶುರು. ಪ್ರತಿ ವರ್ಷ ಗೊನೆ ಕೊಯ್ಯುವ ಕೊನೆಗೌಡ ಬಂದವನೇ ಜಗಲಿಯಲ್ಲಿ ಕೂತು, ನನ್ನ ಜೊತೆ ಒಂದು ಕವಳ ಹಾಕಿ ಮರ ಹತ್ತುವುದು ರೂಢಿ. ಈ ಸಲ ಅಂಗಳದಿಂದಲೇ ಕೂಗಿದ, "ಹೆಗಡೇರೆ, ಮೊದಲು ಚಾ ಆಗಲಿ." ಅಷ್ಟೇ.

ಸುಲಿಯಲು ಬರುವ ಹೆಂಗಸರಿಗೆ ಕವಳ ಮನೆಯವರೇ ಕೊಡಬೇಕು, ಅದೂ ರೂಢಿ. ರಾತ್ರಿ ಹತ್ತರ ತನಕ ಮೆಟ್ಟುಗತ್ತಿ ಎದುರು ಕೂತು ಸುಲಿಯುತ್ತಾರೆ. ಪಕ್ಕದಲ್ಲಿ ಅಡಿಕೆ ಬೇಯುವ ಹಂಡೆ, ಚೊಗರಿನ ವಾಸನೆ. ಆ ವಾಸನೆಗೇ ನನ್ನ ಬಾಯಲ್ಲಿ ನೀರು ಬರುತ್ತಿತ್ತು. ಮೊದಲ ದಿನವೇ ಅವರಲ್ಲಿ ಹಿರಿಯಳು ಹೇಳಿದಳು, "ಈ ವರ್ಷ ಬಟ್ಟಲು ಇಡಬ್ಯಾಡಿ. ನಮ್ದು ನಾವು ತರ್ತೀವಿ." ಹಾಕುವಾಗ ಎದ್ದು ಹುಲ್ಲಿನ ಬಣವೆಯ ಆಚೆ ಹೋಗುತ್ತಿದ್ದರು, ಆ ಚಳಿಯಲ್ಲಿ. ಎಷ್ಟು ಒಳ್ಳೆಯವರು ಅಂದುಕೊಂಡು ನಾನು ಸುಮ್ಮನಿದ್ದೆ. ನಾಲ್ಕನೇ ದಿನ ಹೆಂಡತಿ ಕೇಳಿದಳು, "ಅವರು ಡಬ್ಬಿ ಲೆಕ್ಕದಲ್ಲಿ ಸುಲಿಯುವವರು. ಎದ್ದು ಹೋದಷ್ಟು ಹೊತ್ತಿನ ದುಡ್ಡು ಯಾರದ್ದು ಹೋಯ್ತು?" ನನಗೆ ಹೊಳೆದೇ ಇರಲಿಲ್ಲ. ಡಬ್ಬಿಗೆ ರೇಟು ಏರಿಸಿದೆ. ಆದರೆ ಆ ಮೊದಲ ಮೂರು ದಿನ ಅವರು ನನಗಾಗಿ ಕೈಯಿಂದ ಕಳೆದುಕೊಂಡದ್ದು ಹಾಗೇ ಉಳಿದಿದೆ. ಅವರಲ್ಲಿ ಓದುವವರು ಕಡಿಮೆ. ಹಿರಿಯಳ ಮೊಮ್ಮಗಳು ಡಿಗ್ರಿ ಮಾಡುತ್ತಿದ್ದಾಳೆ, ಅವಳು ಓದಿ ಹೇಳಲಿ ಅಂತ ಆಸೆ.

ನಡುವೆ ಇನ್ನೊಂದು ಎಡವಟ್ಟು ಮಾಡಿಕೊಂಡೆ. ಕವಳದ ಬದಲು ಬಾಯಿಗೆ ಬೆಲ್ಲದ ಚೂರು. ಬೆಳಿಗ್ಗೆ ದೋಸೆಗೆ ಜೋನಿ ಬೆಲ್ಲ, ಮಧ್ಯಾಹ್ನ ಕಲ್ಲುಸಕ್ಕರೆ. ಉರಿಯುವ ಬಾಯಿಗೆ ಸಿಹಿ ಹಿತ. ಜನವರಿಯಲ್ಲಿ ಆಶಾ ಕಾರ್ಯಕರ್ತೆ ಬಿಪಿ ನೋಡಲು ಬಂದವಳು ಸುಮ್ನೆ ಬೆರಳಿಗೆ ಚುಚ್ಚಿ ನೋಡಿ, ರಕ್ತ ಪರೀಕ್ಷೆಗೆ ಕಳಿಸಿದಳು. ರಕ್ತದ ಸಕ್ಕರೆ ಅಳೆಯುವ ಎಚ್‌ಬಿಎ1ಸಿ 7.4. ಆರೂವರೆ ಮುಟ್ಟಿದರೇ ಸಕ್ಕರೆ ಕಾಯಿಲೆ ಅಂತೆ. ಕೆಂಪು ರಕ್ತಕಣ ಸುಮಾರು 120 ದಿನ ಬದುಕುತ್ತದೆ, ಹಾಗಾಗಿ ಆ ಪರೀಕ್ಷೆಯಲ್ಲಿ ಮೂರು ತಿಂಗಳ ಲೆಕ್ಕ ಸಿಗುತ್ತದೆ ಅಂದರು. ಹಿಂದಿನ ದಿನ ಒಂದು ಊಟ ಬಿಟ್ಟು ಹೋಗಿ ಮೋಸ ಮಾಡಲು ಆಗುವುದಿಲ್ಲ. ಬೆಲ್ಲ ಹೋಯಿತು, ಮಾತ್ರೆ ಬಂತು. ಈಗ ಬಾಯಿಗೆ ನಾಲ್ಕು ಕಾಳು ಸೋಂಪು. ಮೊನ್ನೆ 6.7. ಆ ಹುಡುಗಿ ನಮ್ಮ ಗುಡ್ಡ ಹತ್ತಿ ಬಂದಿರದಿದ್ದರೆ ನಾನು ಬೆಲ್ಲ ಚೀಪುತ್ತಲೇ ಇರುತ್ತಿದ್ದೆ.

ಬಾಯಿ ದೊಡ್ಡದು ಮಾಡುವ ವ್ಯಾಯಾಮ ಒಂದಿದೆ. ಐಸ್‌ಕ್ರೀಮ್ ಕಡ್ಡಿಗಳನ್ನು ಒಂದರ ಮೇಲೊಂದು ಜೋಡಿಸಿ ಹಲ್ಲಿನ ನಡುವೆ ಇಟ್ಟುಕೊಂಡು ಸ್ವಲ್ಪ ಹೊತ್ತು ಇರಬೇಕು. ನಿಧಾನವಾಗಿ ಕಡ್ಡಿ ಹೆಚ್ಚಿಸಬೇಕು. ಇದರ ಮೇಷ್ಟ್ರು ನನ್ನ ಮೊಮ್ಮಗ, ಎಂಟು ವರ್ಷ. ರಜೆಗೆ ಬಂದಾಗ ಕಡ್ಡಿಗಳನ್ನು ಒದಗಿಸುವ ಜವಾಬ್ದಾರಿ ತಾನೇ ಹೊತ್ತುಕೊಂಡ, ಯಾಕೆ ಅಂತ ಬೇರೆ ಹೇಳಬೇಕಾಗಿಲ್ಲ. ಹೊಸ ಕಡ್ಡಿ ಸೇರಿದ ದಿನ ಅದರ ಮೇಲೆ ಪೆನ್ಸಿಲ್ಲಿನಲ್ಲಿ ತಾರೀಕು ಬರೆಯುತ್ತಾನೆ. ಹನ್ನೆರಡರಿಂದ ಶುರು ಮಾಡಿದ್ದು, ಈಗ ಹದಿನೈದು. ಒಂದು ವರ್ಷಕ್ಕೆ ಮೂರು ಕಡ್ಡಿ. ಫೋನಿನಲ್ಲಿ ಈಗಲೂ ಮೊದಲ ಪ್ರಶ್ನೆ, "ಅಜ್ಜ, ಎಷ್ಟು ಕಡ್ಡಿ?"

ಹೆಂಡತಿಯ ಬಗ್ಗೆ ಬರೆಯುವುದು ಬೇಡ ಅಂತ ಅವಳೇ ಹೇಳಿದ್ದಾಳೆ. ಎರಡೇ ಸಾಲು ಬರೆಯುತ್ತೇನೆ. ಸೂಜಿಮೆಣಸು ಇಲ್ಲದೆ ಅವಳಿಗೆ ಊಟ ಸೇರುವುದಿಲ್ಲ. ಒಂದು ವರ್ಷದಿಂದ ನಮ್ಮ ಮನೆಯಲ್ಲಿ ಒಂದೆಲಗದ ತಂಬುಳಿ, ಖಾರ ಇಲ್ಲದ ಸಾರು, ಮೆತ್ತಗಿನ ಅನ್ನ. "ನಿಂಗೆ ಬೇರೆ ಮಾಡ್ಕೊ" ಅಂದರೆ "ಎಂತ ಬೇಡ" ಅನ್ನುತ್ತಾಳೆ. ನಾಲ್ಕು ಸಾಲಾಯಿತು, ಇರಲಿ.

ಈಗ ಒಂದು ತಪ್ಪೊಪ್ಪಿಗೆ. ಮೇಲೆ ಒಂದು ವರ್ಷ ಅಂದೆನಲ್ಲ, ಅದರಲ್ಲಿ ಒಂದು ಕವಳ ಕಳೆಯಬೇಕು. ಫೆಬ್ರವರಿಯಲ್ಲಿ ನೆಂಟರ ಮನೆಯ ಉಪನಯನ. ಊಟ ಗಟ್ಟಿಯಾಗಿತ್ತು, ಹಳೆಯ ಗೆಳೆಯರೆಲ್ಲ ಸೇರಿದ್ದರು. ಯಾರೂ ಕೊಡಲಿಲ್ಲ, ನಾನೇ ಒಂದು ಎತ್ತಿಕೊಂಡು ಕೊಟ್ಟಿಗೆಯ ಹಿಂದೆ ಹೋದೆ. ಎರಡು ನಿಮಿಷಕ್ಕೆ ಅಡಿಕೆ ಸೊಕ್ಕಿತು. ಮೈಯೆಲ್ಲ ಬೆವರು, ಎದೆ ಡಬಡಬ, ತಲೆ ಗಿರ್ರ್ ಅಂತು. ಐವತ್ತು ವರ್ಷ ಅಗಿದವನಿಗೆ ಅಡಿಕೆ ಸೊಕ್ಕುವುದು ಅಂದರೆ! ಹಾಲು ಕರೆಯಲು ಬಂದ ಆ ಮನೆಯ ಅತ್ತಿಗೆ ನೋಡಿದರು. ಒಂದು ಚೊಂಬು ನೀರು ತಂದು ಬಾಯಿ ತೊಳೆಸಿ, ಉಪ್ಪು ಹಾಕಿದ ಮಜ್ಜಿಗೆ ಕುಡಿಸಿ, ಹುಲ್ಲಿನ ಮೇಲೆ ಕೂರಿಸಿದರು. ಒಂದೂ ಮಾತಾಡಲಿಲ್ಲ. ಇವತ್ತಿನ ತನಕ ನನ್ನ ಹೆಂಡತಿಗೂ ಹೇಳಿಲ್ಲ. ಅತ್ತಿಗೆ, ನೀವು ಐದು ತಿಂಗಳು ಬಾಯಿ ಕಟ್ಟಿಕೊಂಡಿದ್ದನ್ನು ನಾನೇ ಇಲ್ಲಿ ಬಯಲು ಮಾಡಿಬಿಟ್ಟೆ.

ಮುಂದಿನ ತಿಂಗಳು ಅಪ್ಪಯ್ಯನ ತಿಥಿ. ಎಂದಿನಂತೆ ಎಲ್ಲರೂ ಬರಬೇಕು. ಕಳೆದ ವರ್ಷ ಮುಜುಗರಪಟ್ಟು ಯಾರೂ ಕವಳ ಹಾಕದೆ ಎದ್ದು ಹೋದಿರಿ, ಈ ಸಲ ಹಾಗೆ ಬೇಡ. ಬಟ್ಟಲು ಇರುತ್ತದೆ, ಜಗಲಿಯ ಆ ತುದಿಯಲ್ಲಿ. ಎಲೆ, ಸುಣ್ಣ ಎಲ್ಲ ಹೆಂಡತಿ ನೋಡಿಕೊಳ್ಳುತ್ತಾಳೆ. ನಾನು ಈ ತುದಿಯಲ್ಲಿ ಒಂದು ಲೋಟ ಮಜ್ಜಿಗೆ ಹಿಡಿದು ಕೂತಿರುತ್ತೇನೆ, ಮಾತು ಮಾತ್ರ ಸ್ವಲ್ಪ ಜೋರಾಗಿ ಆಡಿ.