ಏಣಿಯಿಂದ ಬಿದ್ದವರನ್ನು ಎತ್ತುವ ಮೊದಲು

ಮಾನ್ಯ ಸಂಪಾದಕರೇ,

ಕಾಫಿ ಕೊಯ್ಲು ಮುಗಿಯುತ್ತಾ ಬಂತು, ಇನ್ನು ಕರಿಮೆಣಸಿನ ಸರದಿ. ಪ್ರತಿ ವರ್ಷ ಈ ಹೊತ್ತಿಗೆ ಪತ್ರಿಕೆಯ ಒಳಪುಟದಲ್ಲಿ ನಾಲ್ಕು ಸಾಲಿನ ಸುದ್ದಿಯೊಂದು ಬರುತ್ತದೆ: ಮೆಣಸು ಕೊಯ್ಯುವಾಗ ಏಣಿ ಜಾರಿ ಕಾರ್ಮಿಕನಿಗೆ ಗಾಯ. ಊರಿನ ಹೆಸರು ಬದಲಾಗುತ್ತದೆ, ಸುದ್ದಿ ಅದೇ. ಆ ನಾಲ್ಕು ಸಾಲಿನಲ್ಲಿ ಹಿಡಿಯದ ಸಂಗತಿಯನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ದಯವಿಟ್ಟು ಕತ್ತರಿಸದೆ ಪ್ರಕಟಿಸಿ.

ನಾನು ಪ್ರೌಢಶಾಲೆಯಲ್ಲಿ 31 ವರ್ಷ ವಿಜ್ಞಾನ ಕಲಿಸಿ ನಿವೃತ್ತಳಾದವಳು. ಎರಡು ವರ್ಷದ ಹಿಂದೆ ಮಾರ್ಚ್ ತಿಂಗಳ ಒಂದು ಬೆಳಗ್ಗೆ ಪಕ್ಕದ ತೋಟದಿಂದ ಕೂಗು ಕೇಳಿ ಓಡಿದೆ. ಮೆಣಸಿನ ಬಳ್ಳಿ ಹಬ್ಬಿದ್ದ ಸಿಲ್ವರ್ ಮರಕ್ಕೆ ಒರಗಿಸಿದ್ದ ಬಿದಿರಿನ ಏಣಿ ಪಕ್ಕಕ್ಕೆ ಹೊರಳಿ, ಸುಮಾರು 15 ಅಡಿ ಮೇಲಿನಿಂದ ಒಬ್ಬ ಹುಡುಗ ಬಿದ್ದಿದ್ದ. ಸೊಂಟಕ್ಕೆ ಕಟ್ಟಿದ್ದ ಚೀಲದ ಮೆಣಸು ಸುತ್ತ ಚೆಲ್ಲಿತ್ತು. ರಕ್ತ ಎಲ್ಲೂ ಕಾಣಲಿಲ್ಲ. ಅದನ್ನು ನೋಡಿಯೇ ನಾವೆಲ್ಲ ಸ್ವಲ್ಪ ಸಮಾಧಾನಪಟ್ಟೆವು. ಹುಡುಗ ಮಾತ್ರ ನನ್ನ ಮುಖ ನೋಡಿ, "ಟೀಚರೇ, ಕಾಲು ಎಲ್ಲಿದೆ ಅಂತಲೇ ಗೊತ್ತಾಗ್ತಾ ಇಲ್ಲ" ಅಂದ.

ಆ ಮಾತು ಕೇಳಿದ ಮೇಲಾದರೂ ನಾನು ಎಲ್ಲರನ್ನೂ ತಡೆಯಬೇಕಿತ್ತು. "ನೋಡ್ತಾ ನಿಲ್ಲೋದು ಬೇಡ, ಎತ್ತಿ ಜೀಪಿಗೆ ಹಾಕುವ" ಎಂದರು ಮೇಸ್ತ್ರಿ. ಅವರ ಆತುರದಲ್ಲಿ ಪ್ರೀತಿಯೇ ಇತ್ತು. ಇಬ್ಬರು ಕಂಕುಳಿಗೆ ಕೈ ಕೊಟ್ಟರು, ನಾನೂ ಇನ್ನೊಬ್ಬಳೂ ಕಾಲು ಹಿಡಿದೆವು. ನಡು ಜೋಲಿ ಬಿತ್ತು. ಜೀಪಿನ ಹಿಂದಿನ ಸೀಟಿನಲ್ಲಿ ಅವನನ್ನು ಮಡಿಚಿ ಕೂರಿಸಿ, ಕಲ್ಲುದಾರಿಯಲ್ಲಿ ಕುಲುಕಿಸಿಕೊಂಡು ಕರೆದೊಯ್ದೆವು. ಅವನು ಇವತ್ತು ನಡೆಯುವುದಿಲ್ಲ. ಬಿದ್ದ ಕ್ಷಣದಲ್ಲೇ ಬೆನ್ನುಹುರಿಗೆ ಪೆಟ್ಟಾಗಿತ್ತೋ, ನಾವು ಎತ್ತಿದಾಗ ಆಯಿತೋ, ಯಾವ ಡಾಕ್ಟರಿಗೂ ಹೇಳಲಾಗದು. ಅವನ ತಾಯಿ ನಮ್ಮನ್ನು ಒಂದು ಮಾತೂ ದೂರಿಲ್ಲ. ಬೆನ್ನುಮೂಳೆಯ ಚಿತ್ರವನ್ನು ಪ್ರತಿ ವರ್ಷ ಕಪ್ಪು ಹಲಗೆಯ ಮೇಲೆ ಬರೆದವಳು ನಾನು. ಬೇಕಾದ ಹೊತ್ತಿನಲ್ಲಿ ಅದು ನನ್ನ ನೆನಪಿಗೇ ಬರಲಿಲ್ಲ.

ಅಂದು ತರಗತಿಯಲ್ಲಿ ಹೇಳದ್ದನ್ನು ಇಲ್ಲಿ ಹೇಳುತ್ತೇನೆ. ದೊಡ್ಡವರ ದೇಹದಲ್ಲಿ 206 ಮೂಳೆ ಎಂಬುದು ಎಲ್ಲ ಮಕ್ಕಳಿಗೂ ಬಾಯಿಪಾಠ. ಅದರಲ್ಲಿ 106 ಬರೀ ಕೈಪಾದಗಳಲ್ಲೇ ಇವೆ ಎಂದರೆ ಅಚ್ಚರಿಪಡುತ್ತಾರೆ. ಒಂದೊಂದು ಕೈಗೆ 27, ಒಂದೊಂದು ಪಾದಕ್ಕೆ 26. ಕಾಫಿ ಹಣ್ಣನ್ನು ಒಂದೊಂದಾಗಿ ಬಿಡಿಸುವ ಬೆರಳಿನ ಚುರುಕು ಅಲ್ಲಿಂದ ಬಂದದ್ದು. ಬೆನ್ನುಮೂಳೆಯ ಲೆಕ್ಕ ಬೇರೆ. ಮಗುವಿನಲ್ಲಿ ಒಂದರ ಮೇಲೊಂದು ಕೂತ 33 ಬಿಡಿ ಮೂಳೆಗಳು, ಅಂದರೆ ಮಣಿಗಳು. ಬೆಳೆಯುತ್ತಾ ಕೆಳಗಿನವು ಒಂದಕ್ಕೊಂದು ಬೆಸೆದುಕೊಂಡು 26 ಉಳಿಯುತ್ತವೆ: ಕುತ್ತಿಗೆಗೆ 7, ಎದೆಯ ಹಿಂದೆ 12, ಸೊಂಟಕ್ಕೆ 5, ತಳದಲ್ಲಿ ಬೆಸೆದ ಎರಡು. ನಮ್ಮ ದುಬಾರೆ ಶಿಬಿರದ ಆನೆಯ ಕುತ್ತಿಗೆಯಲ್ಲೂ ಮಣಿಗಳು ಏಳೇ.

ಪ್ರತಿ ಮಣಿಯ ಮುಂಭಾಗ ದಪ್ಪ ದಿಮ್ಮಿಯಂತೆ ಭಾರ ಹೊರುತ್ತದೆ, ಹಿಂಭಾಗ ಬಳೆಯಂತೆ ಟೊಳ್ಳು. ಬಳೆಗಳು ಒಂದರ ಮೇಲೊಂದು ಕೂತಾಗ ಕೊಳವೆಯಾಗುತ್ತದೆ. ಆ ಕೊಳವೆಯೊಳಗೆ ಕಿರುಬೆರಳಿನಷ್ಟು ದಪ್ಪದ ಬೆನ್ನುಹುರಿ ತಲೆಬುರುಡೆಯ ಬುಡದಿಂದ ಸೊಂಟದ ಮೊದಲ ಅಥವಾ ಎರಡನೆಯ ಮಣಿಯವರೆಗೆ ಇಳಿಯುತ್ತದೆ. ಕಾಲಿಗೆ ನಡೆ ಎನ್ನುವ ಆಜ್ಞೆ, ಮುಳ್ಳು ಚುಚ್ಚಿತು ಎನ್ನುವ ಸುದ್ದಿ, ಮೂತ್ರದ ಹಿಡಿತ, ಎಲ್ಲವೂ ಆ ದಾರಿಯಲ್ಲೇ. ಮೇಲಿಂದ ಬಿದ್ದವರಲ್ಲಿ ಮುರಿಯುವ ಮಣಿ ಬಹಳ ಸಲ ಎದೆಯ ಕೊನೆಯದು ಅಥವಾ ಸೊಂಟದ ಮೊದಲನೆಯದು. ಕಾರಣ ಸರಳ. ಎದೆಯ ಮಣಿಗಳನ್ನು 12 ಜೊತೆ ಪಕ್ಕೆಲುಬುಗಳು ಬಿಗಿಯಾಗಿ ಹಿಡಿದಿವೆ, ಸೊಂಟದ ಮಣಿಗಳು ಬಾಗಲು ಸ್ವತಂತ್ರ. ಬಿಗಿ ಮುಗಿದು ಸಡಿಲ ಶುರುವಾಗುವ ಗಡಿಯಲ್ಲೇ ಪೆಟ್ಟಿನ ಬಲವೆಲ್ಲ ಸೇರುತ್ತದೆ. ಕಾಲೂರಿಯೇ ಬಿದ್ದನಲ್ಲ, ಬೆನ್ನಿಗೇನೂ ಆಗಿರದು ಎಂದು ಬಿಡುವಂತೆಯೂ ಇಲ್ಲ. ಹಿಮ್ಮಡಿಗೆ ಬಿದ್ದ ಪೆಟ್ಟು ಕಾಲಿನ ಕಂಬದ ಮೂಲಕ ನೇರ ಬೆನ್ನಿಗೆ ಏರುತ್ತದೆ. ಹಿಮ್ಮಡಿ ಒಡೆದವರ ಬೆನ್ನಿನ ಎಕ್ಸ್‌ರೇಯನ್ನೂ ವೈದ್ಯರು ತೆಗೆಸುವುದು ಅದಕ್ಕೇ.

ಮಣಿ ಮುರಿದರೂ ಒಳಗಿನ ಹುರಿ ಉಳಿದಿರುವುದುಂಟು. ಬಿದ್ದವರನ್ನು ಅಲ್ಲಾಡಿಸಿದಾಗ ಮುರಿದ ತುಂಡು ಜರುಗಿ ಹುರಿಯನ್ನು ಒತ್ತಬಹುದು, ಕೊಯ್ಯಬಹುದು. ಮೂಳೆಗೂ ಹುರಿಗೂ ಇರುವ ವ್ಯತ್ಯಾಸವನ್ನು ನಾನು ತರಗತಿಯಲ್ಲಿ ಒತ್ತಿ ಹೇಳಬೇಕಿತ್ತು. ಮೂಳೆ ಜೀವಂತ ಅಂಗ. ಮುರಿದ ಜಾಗದಲ್ಲಿ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ವಾರಗಳಲ್ಲಿ ಮೃದುವಾದ ಬೆಸುಗೆ ಬರುತ್ತದೆ, ಅದು ಗಟ್ಟಿಯಾಗುತ್ತದೆ, ಆಮೇಲೆ ತಿಂಗಳುಗಟ್ಟಲೆ ಹೆಚ್ಚಿದ್ದನ್ನು ತಿಂದು ಕಡಿಮೆ ಇದ್ದಲ್ಲಿ ಕಟ್ಟುವ ಕೆಲಸ ನಡೆಯುತ್ತದೆ. ಮುರಿಯದಿದ್ದರೂ ಈ ಕೆಲಸ ನಿಲ್ಲುವುದಿಲ್ಲ. ದೊಡ್ಡವರ ಎಲುಬುಗೂಡಿನ ಸುಮಾರು ನೂರಕ್ಕೆ 10 ಪಾಲು ಪ್ರತಿ ವರ್ಷ ಹೊಸದಾಗುತ್ತದೆ. ಬೆನ್ನುಹುರಿಗೆ ಆ ವರವಿಲ್ಲ. ಕಡಿದ ನರತಂತುಗಳು ಮತ್ತೆ ಬೆಳೆದು ಕೂಡಿಕೊಳ್ಳುವುದಿಲ್ಲ.

ಆದ್ದರಿಂದ ತೋಟದಲ್ಲಿ ಯಾರಾದರೂ ಬಿದ್ದರೆ, ಎತ್ತುವುದು ಮೊದಲ ಕೆಲಸವಲ್ಲ. ಅಲ್ಯೂಮಿನಿಯಂ ಏಣಿ ಕರೆಂಟ್ ತಂತಿಗೆ ತಾಗಿದ್ದರೆ ಮುಟ್ಟಬೇಡಿ, ಮೊದಲು ವಿದ್ಯುತ್ ಕಡಿತ ಮಾಡಿಸಿ. ಇಲ್ಲವಾದರೆ ಒಬ್ಬರು ತಲೆಯ ಬಳಿ ಮಂಡಿಯೂರಿ, ಎರಡೂ ಕೈಯಿಂದ ತಲೆ ಆಚೀಚೆ ಹೊರಳದಂತೆ ಹಿಡಿಯಲಿ. ಉಸಿರಾಟ ನೋಡಿ. ಬೆರಳು, ಪಾದ ಆಡಿಸಲು ಆಗುತ್ತದೆಯೇ, ಮುಟ್ಟಿದ್ದು ಗೊತ್ತಾಗುತ್ತದೆಯೇ ಎಂದು ಕೇಳಿ. 108ಕ್ಕೆ ಕರೆ ಮಾಡಿ. ಕುಡಿಯಲು ಕಾಫಿ, ನೀರು ಏನೂ ಬೇಡ, ಆಪರೇಷನ್ ಬೇಕಾಗಬಹುದು. ನಮ್ಮ ತೋಟಗಳಲ್ಲಿ ಆಂಬುಲೆನ್ಸ್ ಗೇಟಿನವರೆಗೇ ಬರುವುದು, ಮೊಬೈಲ್‌ಗೆ ಸಿಗ್ನಲ್ ಸಿಗದಿರುವುದು, ಕಾಡಾನೆಯ ಭಯ, ಎಲ್ಲವೂ ನನಗೆ ಗೊತ್ತು. ಸಾಗಿಸಲೇಬೇಕಾದರೆ ಹಲಗೆ ಬೇಕು. ಹಳೆಯ ಬಾಗಿಲಾದರೂ ಸರಿ. ಐದು ಜನ ಸೇರಿ, ತಲೆ ಹಿಡಿದವರ ಒಂದೇ ಮಾತಿಗೆ, ಭುಜ, ಸೊಂಟ, ಕಾಲು ಒಟ್ಟಿಗೇ ತಿರುಗುವಂತೆ ಮರದ ದಿಮ್ಮಿ ಹೊರಳಿಸುವ ಹಾಗೆ ಪಕ್ಕಕ್ಕೆ ಹೊರಳಿಸಿ, ಹಲಗೆ ಕೆಳಗೆ ತಳ್ಳಿ, ಮತ್ತೆ ಹಾಗೇ ಮಲಗಿಸಬೇಕು. ವಾಂತಿ ಬಂದರೂ ಹೀಗೇ ಇಡೀ ದೇಹವನ್ನು ಒಟ್ಟಿಗೆ ತಿರುಗಿಸಬೇಕು, ಬರೀ ತಲೆಯನ್ನಲ್ಲ. ಹಲಗೆ ಹಿಡಿಯುವಂತೆ ಪಿಕಪ್‌ನ ಹಿಂಭಾಗ ಖಾಲಿ ಮಾಡಿ, ಮಲಗಿಸಿಯೇ ಒಯ್ಯಿರಿ. ಹತ್ತು ನಿಮಿಷ ತಡವಾದರೆ ಆಗಲಿ.

ನಾಟಿ ಕಟ್ಟಿನ ವಿಷಯವೂ ಬರುತ್ತದೆ. ಕಟ್ಟು ಹಾಕುವ ಹಿರಿಯರ ಮೇಲೆ ನನಗೆ ಗೌರವವಿದೆ. ಆದರೆ ಎಕ್ಸ್‌ರೇ ಇಲ್ಲದೆ ಕಟ್ಟು ಬೇಡ, ಬೆನ್ನಿಗೆ ಪೆಟ್ಟಾಗಿದ್ದರೆ ಎಣ್ಣೆ ತಿಕ್ಕುವುದಂತೂ ಬೇಡವೇ ಬೇಡ. ಕೈಕಾಲಿಗೆ ಯಾರೇ ಕಟ್ಟು ಹಾಕಿದರೂ ಬೆರಳು ನೀಲಿಯಾಗಿ, ತಣ್ಣಗಾಗಿ, ಜೋಮು ಹಿಡಿದರೆ ತಕ್ಷಣ ಬಿಚ್ಚಿಸಿ. ರಕ್ತ ಹರಿಯದ ಕೈಯನ್ನು ಕಳೆದುಕೊಳ್ಳಲು ಕೆಲವು ಗಂಟೆ ಸಾಕು.

ಮಳೆಗಾಲದಲ್ಲಿ ಬೀಳುವವರು ಬೇರೆ. ಅಂಗಳದ ಪಾಚಿಗೆ ಜಾರುವ ನಮ್ಮ ಅಮ್ಮಂದಿರು, ಅಜ್ಜಿಯರು. ತೊಡೆಮೂಳೆ ದೇಹದಲ್ಲೇ ಉದ್ದವಾದದ್ದು, ಗಟ್ಟಿಯಾದದ್ದು. ಆದರೆ ಸೊಂಟದ ಕೀಲಿಗೆ ಸೇರುವಲ್ಲಿ ಅದರ ಕತ್ತು ಸಣ್ಣದು. ಮುಟ್ಟು ನಿಂತ ಮೇಲೆ ಹೆಣ್ಣಿನ ಮೂಳೆ ಬೇಗ ಬೇಗ ಸವೆಯುವುದರಿಂದ ಮುರಿಯುವುದು ಅಲ್ಲೇ. ಬಿದ್ದವರ ಕಾಲು ಗಿಡ್ಡವಾಗಿ, ಪಾದ ಹೊರಕ್ಕೆ ತಿರುಗಿದ್ದರೆ ಉಳುಕು ಎಂದು ಎರಡು ದಿನ ಮಲಗಿಸಬೇಡಿ. ತೊಡೆಮೂಳೆಯ ತುದಿಯ ಗುಂಡನೆಯ ತಲೆಗೆ ರಕ್ತ ಬರುವುದು ಬಹುಪಾಲು ಆ ಕತ್ತಿನ ಮೂಲಕವೇ. ತಡವಾದಷ್ಟೂ ತೊಂದರೆ.

ಊಟದ ಮಾತನ್ನು ಚಿಕ್ಕದಾಗಿ ಹೇಳುತ್ತೇನೆ. ದೇಹದ ಕ್ಯಾಲ್ಸಿಯಂನಲ್ಲಿ ನೂರಕ್ಕೆ 99 ಪಾಲು ಮೂಳೆ, ಹಲ್ಲುಗಳಲ್ಲಿದೆ. ಹೃದಯ ಬಡಿಯಲು ರಕ್ತದಲ್ಲಿ ಅದರ ಮಟ್ಟ ಇಳಿಯಬಾರದು, ಇಳಿದರೆ ದೇಹ ಮೂಳೆಯಿಂದ ತೆಗೆಯುತ್ತದೆ. ಅಕ್ಕಿ ರೊಟ್ಟಿ, ಅಕ್ಕಿಯದೇ ಕಡಂಬುಟ್ಟು, ನೂಪುಟ್ಟು ನಮ್ಮ ಊಟ, ಬಿಡಿ ಎಂದು ಹೇಳಲಾರೆ. ಆದರೆ 100 ಗ್ರಾಂ ಅಕ್ಕಿಯಲ್ಲಿ ಕ್ಯಾಲ್ಸಿಯಂ 10 ಮಿಲಿಗ್ರಾಂ ಆಸುಪಾಸು, ಅಷ್ಟೇ ರಾಗಿಯಲ್ಲಿ 300ಕ್ಕಿಂತ ಹೆಚ್ಚು. ದಿನಕ್ಕೊಂದು ಹೊತ್ತು ರಾಗಿ, ಹಾಲು ಅಥವಾ ಮುಳ್ಳು ಸಮೇತ ತಿನ್ನುವ ಸಣ್ಣ ಒಣಮೀನು, ಮಳೆ ಬಿಟ್ಟಾಗ ಮೈಗೆ ಬಿಸಿಲು, ಇಷ್ಟಾದರೂ ತೋಟದ ಕಾರ್ಮಿಕರ ಲೈನ್ ಮನೆಗಳ ಹೆಣ್ಣುಮಕ್ಕಳಿಗೆ ಸಿಗುವಂತಾಗಬೇಕು.

ತೋಟದ ಮಾಲೀಕರಲ್ಲಿ ನನ್ನ ಬೇಡಿಕೆ ದೊಡ್ಡದಲ್ಲ. ಮೆಣಸಿಗೆ ಏಣಿ ಇಡುವ ಮೊದಲ ದಿನ, ಹಾಜರಿ ಹಾಕುವ ಜಾಗದಲ್ಲೇ, ಅರ್ಧ ಗಂಟೆ ಈ ಹೊರಳಿಸುವ ಕ್ರಮವನ್ನು ಎಲ್ಲರಿಂದ ಮಾಡಿಸಿ. ಲೆಕ್ಕ ಬರೆಯುವ ರೈಟರ್, ಮೇಸ್ತ್ರಿ, ಡ್ರೈವರ್ ಮೂವರೂ ಇರಲಿ. ಶಿಕ್ಷಕ ಮಿತ್ರರೇ, ಮೂಳೆಯ ಪಾಠದ ದಿನ ಒಂದು ಕೋಳಿಕಾಲಿನ ಮೂಳೆಯನ್ನು ವಿನೆಗರ್‌ನಲ್ಲಿ ಮುಳುಗಿಸಿಡಿ. ವಾರದ ನಂತರ ಸುಣ್ಣದಂಶ ಕರಗಿ, ಉಳಿದ ಕೊಲಾಜನ್ ನಾರು ರಬ್ಬರಿನಂತೆ ಬಾಗುವುದನ್ನು ಮಕ್ಕಳೇ ನೋಡಲಿ. ಆಮೇಲೆ ಅದೇ ತರಗತಿಯಲ್ಲಿ ಒಬ್ಬ ಹುಡುಗನನ್ನು ನೆಲದ ಮೇಲೆ ಮಲಗಿಸಿ, ಐವರಿಂದ ಹೊರಳಿಸುವುದನ್ನು ಕಲಿಸಿ. ಆ ಮಕ್ಕಳಲ್ಲಿ ಬಹಳ ಜನರ ಅಪ್ಪಂದಿರು ಏಣಿ ಹತ್ತುವವರೇ.

ನಮ್ಮ ಮನೆಯ ಜಗಲಿಯಲ್ಲಿ ಆರೂವರೆ ಅಡಿ ಉದ್ದದ, ಒಂದೂವರೆ ಅಡಿ ಅಗಲದ ಹಲಗೆಯೊಂದನ್ನು ಇಟ್ಟಿದ್ದೇನೆ. ಎರಡೂ ಬದಿಗೆ ಹಗ್ಗದ ಹಿಡಿಕೆ, ಕಟ್ಟಲು ಮೂರು ಹಳೆಯ ಸೀರೆ. ಆ ಹುಡುಗನೇ ಹಗ್ಗ ಹೆಣೆದುಕೊಟ್ಟದ್ದು. ಸುತ್ತಲಿನ ಯಾವ ತೋಟದವರಿಗೆ ಬೇಕಾದರೂ, ಯಾವ ಹೊತ್ತಿಗಾದರೂ ಬಂದು ಒಯ್ಯಬಹುದು. ಬಾಗಿಲು ತಟ್ಟಿ ಕೇಳಬೇಕಾಗಿಲ್ಲ.

ಇತಿ,
ನಿವೃತ್ತ ವಿಜ್ಞಾನ ಶಿಕ್ಷಕಿ,
ಸಿದ್ದಾಪುರ ಸಮೀಪ, ಕೊಡಗು